ಸಾಲಕ್ಕೆ ಬಿದ್ದ ಅರಮನೆ, ಅದನ್ನು ಉಳಿಸಿದ ಬೋರ್ಡಿಂಗ್ ಹುಡುಗರು: ಇಂಗ್ಲೆಂಡಿನ ಸ್ಟೋ ಶಾಲೆಯ ಕಥೆ

1923ರ ಮೇ 11ರಂದು ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಒಂದು ಬೋರ್ಡಿಂಗ್ ಶಾಲೆ ಶುರುವಾಯಿತು. ಹೆಸರು ಸ್ಟೋ. ಮೊದಲ ದಿನ ಸೇರಿದವರು 99 ಹುಡುಗರು. ಹೊಸ ಶಾಲೆ, ಹೆಸರು ಇನ್ನೂ ಆಗಬೇಕು, ಕೈಯಲ್ಲಿ ದುಡ್ಡೂ ಅಷ್ಟಕ್ಕಷ್ಟೇ. ಆದರೆ ಆ ಹುಡುಗರು ಉಂಡು ಮಲಗಿ ಪಾಠ ಕೇಳಬೇಕಿದ್ದ ಕಟ್ಟಡ ಮಾತ್ರ ಸಾಮಾನ್ಯದ್ದಲ್ಲ. ಅಕ್ಕಪಕ್ಕದ ಭಾಗಗಳನ್ನೂ ಸೇರಿಸಿದರೆ ತೋಟದ ಕಡೆಯ ಅದರ ಮುಂಭಾಗವೇ 900 ಅಡಿಗೂ ಜಾಸ್ತಿ ಉದ್ದ. ನಡುವೆ ರೋಮ್‌ನ ಪ್ಯಾಂಥಿಯನ್ ಎಂಬ ಪ್ರಾಚೀನ ದೇಗುಲವನ್ನು ನೆನಪಿಸುವ ಗುಮ್ಮಟದ ಹಜಾರ. ಹೊರಗೆ ಕೆರೆ, ಸೇತುವೆ, ಕಮಾನು, ತೋಟದ ಅಂದಕ್ಕೆಂದು ಕಟ್ಟಿದ ಮೂವತ್ತಕ್ಕೂ ಹೆಚ್ಚು ಗುಡಿಗಳು, ಸ್ಮಾರಕಗಳು.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಇಂಥ ದೊಡ್ಡಮನೆಗಳಲ್ಲಿ ನಡೆಯುವ ಬೋರ್ಡಿಂಗ್ ಶಾಲೆಗಳು ಇನ್ನೂ ಎಷ್ಟೋ ಇವೆ. ಫೋಟೊ ನೋಡಿದವರು, ಯಾರೋ ಭಾರಿ ಶ್ರೀಮಂತರು ಮಕ್ಕಳಿಗೆಂದೇ ಕಟ್ಟಿಸಿರಬೇಕು ಅಂದುಕೊಳ್ಳುತ್ತಾರೆ. ಹಾಗಲ್ಲ. ಇವುಗಳಲ್ಲಿ ಹೆಚ್ಚಿನವು ಯಜಮಾನರ ಕೈತಪ್ಪಿ ಹೋದ ಮನೆಗಳು. ಶಾಲೆ ಬರದಿದ್ದರೆ ಕಲ್ಲು, ಮರ, ಸೀಸ ಎಂದು ಬಿಡಿಬಿಡಿಯಾಗಿ ಮಾರಾಟವಾಗುತ್ತಿದ್ದವು. ಸ್ಟೋ ಕಥೆಯನ್ನು ಸರಿಯಾಗಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಆ ಮನೆಯನ್ನು ಉಳಿಸಿದ್ದು ಅದರ ಚಂದವಲ್ಲ. ಕೆಟ್ಟ ಕಾಲದಲ್ಲಿ ಅದನ್ನು ದಿನವೂ ಬಳಸುವವರು ಸಿಕ್ಕಿದರು, ಅದರಿಂದ ಉಳಿಯಿತು. ಆ ಬಳಕೆಗೆ ಮನೆ ಬೆಲೆಯನ್ನೂ ತೆತ್ತಿತು.

ದುಡ್ಡು ಬಂದ ದಾರಿ

ಸ್ಟೋ ಜಮೀನು ಟೆಂಪಲ್ ಮನೆತನದ್ದು. 16ನೇ ಶತಮಾನದಲ್ಲಿ ಅವರು ಕುರಿ ಸಾಕಿ, ಉಣ್ಣೆ ಮಾರಿ ಮೇಲೆ ಬಂದವರು. 1670ರ ದಶಕದಲ್ಲಿ ಸರ್ ರಿಚರ್ಡ್ ಟೆಂಪಲ್ ಇಲ್ಲಿ ಇಟ್ಟಿಗೆಯ ಮನೆ ಕಟ್ಟಲು ಶುರು ಮಾಡಿದ. ಈಗ ಕಾಣುವ ಅರಮನೆಯ ಹೊಟ್ಟೆಯೊಳಗೆ ಆ ಹಳೆಯ ಮನೆ ಅಡಗಿದೆ.

ಅವನ ಮಗ ಸೇನಾಧಿಕಾರಿ. ಮುಂದೆ ಲಾರ್ಡ್ ಕಾಬಮ್ ಆದವನು. 1710ರ ದಶಕದಿಂದ ಸಾಯುವವರೆಗೂ ಅವನು ತೋಟ ಬೆಳೆಸಿದ. ವ್ಯಾನ್‌ಬ್ರೂ, ಗಿಬ್ಸ್, ಕೆಂಟ್ ಥರದ ದೊಡ್ಡ ವಾಸ್ತುಶಿಲ್ಪಿಗಳೆಲ್ಲ ಇಲ್ಲಿ ಕೆಲಸ ಮಾಡಿದರು. 'ಕೇಪಬಿಲಿಟಿ' ಬ್ರೌನ್ ಎಂದು ಹೆಸರಾದ ತೋಟಗಾರ 1741ರಲ್ಲಿ ಇಲ್ಲಿಗೆ ಬಂದು ಹತ್ತು ವರ್ಷ ಇದ್ದ. ಇಂಗ್ಲಿಷ್ ತೋಟ ಅಂದರೆ ಇವತ್ತು ನಾವು ಅಂದುಕೊಳ್ಳುವ ನೋಟ, ಅಂದರೆ ಗೆರೆ ಎಳೆದ ಹಾಸುಗಳ ಬದಲು ಇಳಿಜಾರು ಹುಲ್ಲು, ಅಲ್ಲೊಂದು ಇಲ್ಲೊಂದು ಮರದ ಗುಂಪು, ಬಾಗಿದ ಕೆರೆಯಂಚು, ಇದು ರೂಪುಗೊಂಡ ಮುಖ್ಯ ಜಾಗಗಳಲ್ಲಿ ಸ್ಟೋ ಒಂದು.

ತೋಟವೇ ಕಾಬಮ್‌ನ ರಾಜಕೀಯ ಭಾಷಣವೂ ಆಗಿತ್ತು. 1733ರಲ್ಲಿ ತೆರಿಗೆ ಮಸೂದೆಯೊಂದನ್ನು ವಿರೋಧಿಸಿದ್ದಕ್ಕೆ ಪ್ರಧಾನಿ ವಾಲ್ಪೋಲ್ ಅವನನ್ನು ರೆಜಿಮೆಂಟಿನಿಂದ ತೆಗೆದುಹಾಕಿದ. ಕಾಬಮ್ ತನ್ನ ಉತ್ತರವನ್ನು ಕಲ್ಲಿನಲ್ಲಿ ಕಟ್ಟಿಸಿದ. ಪ್ರಾಚೀನ ಸದ್ಗುಣದ ಗುಡಿ ಎಂದು ಒಂದನ್ನು ಚೊಕ್ಕವಾಗಿ ಎಬ್ಬಿಸಿ ಒಳಗೆ ಹೋಮರ್, ಸಾಕ್ರಟೀಸ್ ಮೂರ್ತಿಗಳನ್ನು ಇಟ್ಟ. ಹತ್ತಿರದಲ್ಲೇ ಆಧುನಿಕ ಸದ್ಗುಣದ ಗುಡಿ. ಅದನ್ನು ಬೇಕೆಂದೇ ಪಾಳುಬಿದ್ದಂತೆ ಕಟ್ಟಿಸಿ, ತಲೆಯಿಲ್ಲದ ಪ್ರತಿಮೆಯೊಂದನ್ನು ನಿಲ್ಲಿಸಿದ. ಅದು ವಾಲ್ಪೋಲ್ ಎಂದೇ ಜನ ಅರ್ಥ ಮಾಡಿಕೊಂಡರು. ಇದನ್ನೆಲ್ಲ ನೋಡಲು ಎಷ್ಟು ಜನ ಬರುತ್ತಿದ್ದರೆಂದರೆ 1744ರಲ್ಲೇ ಈ ತೋಟಕ್ಕೆ ಅಚ್ಚಾದ ಗೈಡ್ ಪುಸ್ತಕ ಬಂತು. ಆದರೆ ಈ ನೋಟಕ್ಕೆ ಅಡ್ಡಿಯಾಗಿದ್ದ ಸ್ಟೋ ಹಳ್ಳಿಯೇ ಜಾಗ ಖಾಲಿ ಮಾಡಬೇಕಾಯಿತು. ಉಳಿದದ್ದು ಹಳ್ಳಿಯ ಚರ್ಚ್ ಒಂದೇ. ಅದು ಈಗಲೂ ಮರಗಳ ಮರೆಯಲ್ಲಿದೆ.

ಕಾಬಮ್‌ಗೆ ಮಕ್ಕಳಿರಲಿಲ್ಲ. ಆಸ್ತಿ ತಂಗಿಯ ಕಡೆಗೆ, ಗ್ರೆನ್ವಿಲ್ ಮನೆತನಕ್ಕೆ ಹೋಯಿತು. ಇವರು ಕಂಡುಕೊಂಡ ದಾರಿ ಮದುವೆ. ಗಂಡು ಸಂತಾನವಿಲ್ಲದ ಶ್ರೀಮಂತ ಮನೆಯ ಮಗಳನ್ನು ತರುವುದು, ಅವಳ ಜೊತೆ ಬರುವ ಎಸ್ಟೇಟ್ ಸೇರಿಸಿಕೊಳ್ಳುವುದು, ಅವಳ ಮನೆತನದ ಹೆಸರನ್ನು ತಮ್ಮ ಹೆಸರಿಗೆ ಅಂಟಿಸುವುದು. ಕೊನೆಗೆ ಕುಟುಂಬದ ಹೆಸರು ಟೆಂಪಲ್-ನ್ಯೂಜೆಂಟ್-ಬ್ರಿಜಸ್-ಶಾಂಡೋಸ್-ಗ್ರೆನ್ವಿಲ್ ಎಂದಾಯಿತು. ಅದನ್ನು ಆಸ್ತಿಯ ಪಹಣಿಯಂತೆಯೇ ಓದಬಹುದು. ಬ್ರಿಜಸ್ ಮನೆಯ ಹೆಣ್ಣಿನ ಜೊತೆ ಜಮೈಕಾದ ಹೋಪ್ ಎಂಬ ಸಕ್ಕರೆ ತೋಟವೂ ಬಂತು, ಅಲ್ಲಿ ದುಡಿಯುತ್ತಿದ್ದ ಗುಲಾಮರೂ ಲೆಕ್ಕಕ್ಕೆ ಸೇರಿ ಬಂದರು. ಇದೇ ಮನೆತನದ ವಿಲಿಯಂ ಗ್ರೆನ್ವಿಲ್ ಪ್ರಧಾನಿಯಾಗಿದ್ದಾಗ, 1807ರಲ್ಲಿ, ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿತು. ಎರಡೂ ನಿಜ. ಮುಂದೆ 1830ರ ದಶಕದಲ್ಲಿ ಗುಲಾಮಗಿರಿಯೇ ರದ್ದಾದಾಗ ಸರ್ಕಾರ ಪರಿಹಾರ ಕೊಟ್ಟದ್ದು ಯಜಮಾನರಿಗೆ. ದುಡಿದವರಿಗೆ ಬಿಡಿಗಾಸೂ ಸಿಗಲಿಲ್ಲ. ಸ್ಟೋ ಚೆಲುವಿನ ಬಗ್ಗೆ ಮಾತಾಡುವವರು ಈ ಮಾತನ್ನು ಬಿಟ್ಟು ಮುಂದೆ ಹೋಗಬಾರದು.

ನಲವತ್ತು ದಿನದ ಹರಾಜು

1822ರಲ್ಲಿ ಮನೆಯ ಯಜಮಾನ ಡ್ಯೂಕ್ ಆದ, ಅಂದರೆ ಅಲ್ಲಿನ ಶ್ರೀಮಂತ ಮನೆತನಗಳಿಗೆ ಸಿಗುವ ಅತಿ ದೊಡ್ಡ ಪದವಿ. ಬಕಿಂಗ್‌ಹ್ಯಾಮ್ ಮತ್ತು ಶಾಂಡೋಸ್ ಡ್ಯೂಕ್. ಅಷ್ಟು ಹೊತ್ತಿಗೆ ಸಾಲ ಶುರುವಾಗಿತ್ತು.

ಇಷ್ಟು ಜಮೀನಿದ್ದವರಿಗೆ ಸಾಲ ಹೇಗೆ? ಅಲ್ಲಿನ ಪದ್ಧತಿ ಗೊತ್ತಿದ್ದರೆ ಅರ್ಥವಾಗುತ್ತದೆ. ದೊಡ್ಡ ಎಸ್ಟೇಟುಗಳು ಪೂರ್ತಿಯಾಗಿ ಹಿರಿಯ ಮಗನಿಗೇ ಹೋಗುತ್ತಿದ್ದವು. ಆದರೆ ಅವನಿಗೆ ಇದ್ದದ್ದು ಬದುಕಿರುವವರೆಗೆ ಅನುಭವಿಸುವ ಹಕ್ಕು. ಮೊಮ್ಮಕ್ಕಳ ಕಾಲಕ್ಕೂ ಆಸ್ತಿ ಒಡೆಯಬಾರದೆಂದು ಕರಾರುಪತ್ರದಲ್ಲಿ ಕಟ್ಟಿಹಾಕಿರುತ್ತಿದ್ದರು. ಸುಲಭವಾಗಿ ಮಾರುವಂತಿಲ್ಲ. ಅಡವಿಟ್ಟು ಸಾಲ ಎತ್ತಬಹುದು. ಹೆಣ್ಣುಮಕ್ಕಳ ವರದಕ್ಷಿಣೆಗೆ ಸಾಲ, ತಮ್ಮಂದಿರ ಪಾಲಿಗೆ ಸಾಲ, ಚುನಾವಣೆಗೆ ಸಾಲ, ಕಟ್ಟಡಕ್ಕೆ ಸಾಲ. ಗೇಣಿ ಬಂದದ್ದೆಲ್ಲ ಬಡ್ಡಿಗೆ ಹೋಗುತ್ತಿತ್ತು. ಹೊರಗೆ ನೋಡಿದವರಿಗೆ ಡ್ಯೂಕ್, ಒಳಗೆ ಲೇವಾದೇವಿಯವರ ಕೈಗೊಂಬೆ.

ಎರಡನೇ ಡ್ಯೂಕ್ ಇನ್ನೂ ಕೈ ಬಿಚ್ಚಿ ಖರ್ಚು ಮಾಡಿದ. 1845ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿ ಮತ್ತು ಆಲ್ಬರ್ಟ್ ಇಲ್ಲಿಗೆ ಬಂದಿದ್ದರು. ಅವರ ಸತ್ಕಾರಕ್ಕೆ ಮನೆಯನ್ನೆಲ್ಲ ಹೊಸದಾಗಿ ಸಿಂಗರಿಸಿದರು. ಮೂರು ವರ್ಷ ಕಳೆಯುವುದರೊಳಗೆ ಸಾಲ ಕೊಟ್ಟವರು ಮುಗಿಬಿದ್ದರು. ಸಾಲ ಹತ್ತು ಲಕ್ಷ ಪೌಂಡ್ ದಾಟಿತ್ತು. 1848ರಲ್ಲಿ ಕ್ರಿಸ್ಟೀಸ್ ಸಂಸ್ಥೆ ಮನೆಯೊಳಗಿನ ಸಾಮಾನನ್ನೆಲ್ಲ ಅಲ್ಲೇ ಹರಾಜು ಹಾಕಿತು. ಹರಾಜು ನಲವತ್ತು ದಿನ ನಡೆಯಿತು. ಚಿತ್ರ, ಬೆಳ್ಳಿ, ಪಿಂಗಾಣಿ, ಮೂರ್ತಿ, ಪೀಠೋಪಕರಣ, ಹೆಂಡದ ಬಾಟಲಿ, ಎಲ್ಲವೂ ಹೋಯಿತು. ಬಂದದ್ದು 75,562 ಪೌಂಡ್. ಸಾಲದ ಮುಂದೆ ಅದು ಯಾವ ಮೂಲೆಗೂ ಸಾಲಲಿಲ್ಲ. ಷೇಕ್ಸ್‌ಪಿಯರ್ ಅಂದ ತಕ್ಷಣ ನಮಗೆ ನೆನಪಾಗುವ ಕಿವಿಯೋಲೆ ಹಾಕಿದ ಮುಖ ಇದೆಯಲ್ಲ, 'ಶಾಂಡೋಸ್ ಚಿತ್ರ' ಎಂದೇ ಅದರ ಹೆಸರು. ಅದು ಆಗ ಹೋದದ್ದು 355 ಗಿನಿಗೆ (ಗಿನಿ ಅಂದರೆ ಪೌಂಡಿಗಿಂತ ತುಸು ಹೆಚ್ಚು). ಕೊಂಡವನು ಮುಂದೆ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಕೊಟ್ಟ. ಅಲ್ಲಿನ ದಾಖಲೆಯಲ್ಲಿ ಮೊದಲ ನಂಬರಿನ ಚಿತ್ರ ಅದೇ. ಡ್ಯೂಕ್ 1861ರಲ್ಲಿ ತೀರಿಕೊಂಡದ್ದು ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ.

ಮೂರನೇ ಡ್ಯೂಕ್ ಬೇರೆ ಥರದ ಮನುಷ್ಯ. ರೈಲ್ವೆ ಕಂಪನಿಯೊಂದರ ಅಧ್ಯಕ್ಷನಾಗಿ ದುಡಿದ, ಅಪ್ಪನ ಸಾಲವನ್ನು ಸ್ವಲ್ಪ ಸ್ವಲ್ಪವೇ ತೀರಿಸುತ್ತ ಬಂದ. ಕಥೆ ನಮ್ಮ ಕಡೆಗೆ ತಿರುಗುವುದು ಇಲ್ಲಿ. 1875ರಿಂದ 1880ರವರೆಗೆ ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿದ್ದವನು ಇವನೇ. ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದ್ರಾಸಿನ ಆಡಳಿತದಲ್ಲಿದ್ದವು. ಅವನು ಬಂದ ಮರುವರ್ಷವೇ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ನೆನೆಯುವ ಮಹಾ ಬರ ಅದು. ಬಳ್ಳಾರಿ, ಕರ್ನೂಲು, ಕಡಪ ಕಡೆ ಹಳ್ಳಿಗಳು ಬರಿದಾದವು. ಪಕ್ಕದ ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷದ ಒಳಗೆ ಬಂದಿತ್ತು. ಡ್ಯೂಕ್‌ನ ಸರ್ಕಾರ ಧಾನ್ಯ ಖರೀದಿಸಲು ಹೋದಾಗ ವೈಸರಾಯ್ ಲಿಟ್ಟನ್ ವಿರೋಧಿಸಿದ. ವ್ಯಾಪಾರಿಗಳ ಕೆಲಸಕ್ಕೆ ಸರ್ಕಾರ ಕೈಹಾಕಬಾರದು ಎಂಬುದು ಅವನ ವಾದ. ಲಿಟ್ಟನ್ ಕಳಿಸಿದ ಅಧಿಕಾರಿ ಬರ ಪರಿಹಾರದ ಕಾಮಗಾರಿಗಳಲ್ಲಿ ದುಡಿಯುವವರ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಮಟ್ಟಕ್ಕೆ ಇಳಿಸಿದ. ದಿನವಿಡೀ ಮಣ್ಣು ಹೊರುವ ದೇಹಕ್ಕೆ ಅರ್ಧ ಕಿಲೋಗಿಂತ ಕಡಿಮೆ. 1877ರ ಆಗಸ್ಟ್‌ನಲ್ಲಿ ಡ್ಯೂಕ್ ನೆರವು ಕೇಳಿ ನೇರವಾಗಿ ಲಂಡನ್ನಿನ ಮೇಯರ್‌ಗೆ ತಂತಿ ಕಳಿಸಿದ, ಅಲ್ಲಿ ದೊಡ್ಡ ನಿಧಿ ಸಂಗ್ರಹವಾಯಿತು. ಚೆನ್ನೈನಲ್ಲಿ ಬರಗಾಲದ ಕೂಲಿಯವರು ಅಗೆದ ಕಾಲುವೆಗೆ ಅವನ ಹೆಸರಿಟ್ಟರು. ಇವತ್ತಿಗೂ ಅದು ಬಕಿಂಗ್‌ಹ್ಯಾಮ್ ಕಾಲುವೆ. ಇಂಗ್ಲೆಂಡಿನ ಮನೆಯ ಚರಿತ್ರೆ ಬರೆಯುವವರು ಈ ಐದು ವರ್ಷವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಒಂದು ಸಾಲಲ್ಲ.

ಮನೆ ಯಾಕೆ ಮಾರಾಟಕ್ಕೆ ಬಂತು

ಮೂರನೇ ಡ್ಯೂಕ್‌ಗೆ ಗಂಡುಮಕ್ಕಳಿರಲಿಲ್ಲ. 1889ರಲ್ಲಿ ಅವನ ಜೊತೆಗೇ ಡ್ಯೂಕ್ ಪದವಿಯೂ ಮುಗಿಯಿತು. ಮಗಳು ಲೇಡಿ ಕಿನ್‌ಲಾಸ್‌ಗೆ ಮನೆ ಬಂತು. ಫ್ರಾನ್ಸಿನ ಸಿಂಹಾಸನದ ಹಕ್ಕುದಾರನೊಬ್ಬ ಕೆಲವು ವರ್ಷ ಬಾಡಿಗೆಗೆ ಇದ್ದು 1894ರಲ್ಲಿ ಅಲ್ಲೇ ತೀರಿಕೊಂಡ. 1914ರ ಡಿಸೆಂಬರಿನಲ್ಲಿ ಲೇಡಿ ಕಿನ್‌ಲಾಸ್‌ರ ಹಿರಿಯ ಮಗ ಬೆಲ್ಜಿಯಂನ ರಣರಂಗದಲ್ಲಿ ಸತ್ತ. 1921ರಲ್ಲಿ ಕುಟುಂಬ ಕೈಚೆಲ್ಲಿತು.

ಇದು ಒಂದೇ ಮನೆಯ ಪಾಡಲ್ಲ. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಹಡಗಿನಲ್ಲಿ ಬಂದು ಬೀಳತೊಡಗಿತು. ಇಂಗ್ಲಿಷ್ ರೈತನ ಬೆಳೆಗೆ ಬೆಲೆ ಇಲ್ಲ, ಆದ್ದರಿಂದ ಯಜಮಾನನಿಗೆ ಗೇಣಿ ಇಲ್ಲ. 1882ರಲ್ಲಿ ಕಾನೂನು ಬದಲಾಗಿ ಕಟ್ಟಿಹಾಕಿದ ಎಸ್ಟೇಟುಗಳನ್ನೂ ಮಾರಬಹುದು ಎಂದಾಯಿತು. 1894ರಲ್ಲಿ ಸತ್ತವರ ಆಸ್ತಿಯ ಮೇಲೆ ಹೊಸ ತೆರಿಗೆ ಬಂತು. ಮೊದಲು ಅತಿ ದೊಡ್ಡ ಆಸ್ತಿಗೂ ಶೇ. 8 ಮಾತ್ರ. 1919ಕ್ಕೆ ಅದು ಶೇ. 40 ಮುಟ್ಟಿತು. ಯುದ್ಧದಲ್ಲಿ ಅಪ್ಪ, ಮಗ ಒಬ್ಬರ ಹಿಂದೆ ಒಬ್ಬರು ಸತ್ತ ಮನೆಗಳಿದ್ದವು. ಜೊತೆಗೆ ಆಳುಕಾಳು ಸಿಗುತ್ತಿರಲಿಲ್ಲ. ಫ್ಯಾಕ್ಟರಿ, ಆಫೀಸುಗಳಲ್ಲಿ ಕೆಲಸ ಕಂಡವರು ಬೆಳಗಿನ ಐದಕ್ಕೆದ್ದು ಬೇರೆಯವರ ಒಲೆಗೂಡು ಗುಡಿಸಲು ಯಾಕೆ ಬರುತ್ತಾರೆ? ನೂರಾರು ಕೋಣೆಯ ಮನೆ, ನಿಭಾಯಿಸಲು ಜನವೇ ಇಲ್ಲ.

ಹೀಗೆ ಬಿದ್ದ ಮನೆಗಳ ಲೆಕ್ಕ ದೊಡ್ಡದು. 20ನೇ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಹಳ್ಳಿಗಾಡಿನ ದೊಡ್ಡಮನೆಗಳನ್ನು ಕೆಡವಿದರು. 1955ರ ಹೊತ್ತಿಗೆ ಸರಾಸರಿ ಐದು ದಿನಕ್ಕೊಂದು ಮನೆ ಉರುಳುತ್ತಿತ್ತು.

ಅದೇ ಕಾಲಕ್ಕೆ ಇನ್ನೊಂದು ಕಡೆ ಶಾಲೆಗಳಿಗೆ ಬೇಡಿಕೆ ಏರಿತ್ತು. ಈಟನ್, ಹ್ಯಾರೋ ಥರದ ಹಳೆಯ ಖಾಸಗಿ ಬೋರ್ಡಿಂಗ್ ಶಾಲೆಗಳು ತುಂಬಿ ತುಳುಕುತ್ತಿದ್ದವು. ವಕೀಲರು, ಡಾಕ್ಟರುಗಳು, ವಸಾಹತುಗಳಲ್ಲಿ ನೌಕರಿಯಲ್ಲಿದ್ದವರು, ಎಲ್ಲರಿಗೂ ಮಗನನ್ನು ಬೋರ್ಡಿಂಗಿಗೆ ಸೇರಿಸಬೇಕು. ಹೊಸದಾಗಿ ಕಟ್ಟಡ ಎಬ್ಬಿಸಲು ವರ್ಷಗಟ್ಟಲೆ ಬೇಕು, ದುಡ್ಡು ಬೇಕು. ಮಾರಾಟಕ್ಕೆ ಬಂದ ಅರಮನೆಯಲ್ಲಿ ಮಲಗುವ ಕೋಣೆ, ಊಟದ ಹಾಲ್, ಅಡುಗೆಮನೆ, ಕುದುರೆ ಲಾಯ, ಆಟದ ಬಯಲು ಎಲ್ಲ ಸಿದ್ಧ. ಬೇರೆಯವರಿಗೆ ಯಾವ ಉಪಯೋಗಕ್ಕೂ ಬಾರದ ಗಾತ್ರ ಶಾಲೆಗೆ ಹೇಳಿ ಮಾಡಿಸಿದ ಹಾಗಿತ್ತು. ಇನ್ನೊಂದು ಲಾಭವೂ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಿನ್ನೆ ಹುಟ್ಟಿದ ಶಾಲೆಗೆ ಇನ್ನೂರು ವರ್ಷದ ಗತ್ತು ಬಂದುಬಿಡುತ್ತಿತ್ತು. ಡಾರ್ಸೆಟ್‌ನ ಕ್ಯಾನ್‌ಫರ್ಡ್ ಶಾಲೆ ಅದೇ 1923ರಲ್ಲಿ ಇಂಥದ್ದೇ ಮನೆಯಲ್ಲಿ ಶುರುವಾಯಿತು. 1928ರಲ್ಲಿ ಬ್ರಯನ್‌ಸ್ಟನ್ ಬಂತು. ಆ ಮನೆ ಕಟ್ಟಿ ಮುಗಿಸಿ ಆಗಿನ್ನೂ ನಲವತ್ತು ವರ್ಷವೂ ಆಗಿರಲಿಲ್ಲ.

ಕ್ಯಾನ್‌ಫರ್ಡ್ ಹೆಸರು ಬಂದಾಗ ಒಂದು ಸಂಗತಿ ಹೇಳಿಬಿಡುತ್ತೇನೆ. ಅಲ್ಲಿ ಹುಡುಗರು ತಿಂಡಿ ಕೊಳ್ಳುವ ಅಂಗಡಿಯ ಗೋಡೆಯಲ್ಲಿ ಒಂದು ಕೆತ್ತನೆ ಇತ್ತು. ಹಳೆಯದರ ನಕಲು ಎಂದೇ ಎಲ್ಲರೂ ತಿಳಿದಿದ್ದರು. 1990ರ ದಶಕದಲ್ಲಿ ಗೊತ್ತಾಯಿತು, ಅದು ಅಸ್ಸೀರಿಯಾದ ರಾಜನ ಅರಮನೆಯಿಂದ ಬಂದ ಅಸಲಿ ಶಿಲ್ಪ, ಸುಮಾರು 2,800 ವರ್ಷ ಹಳೆಯದು. 1994ರಲ್ಲಿ ಅದು 77 ಲಕ್ಷ ಪೌಂಡಿಗೆ ಮಾರಾಟವಾಯಿತು.

ಬರಿದಾದ ಮನೆಗೆ ಹುಡುಗರು

1921ರ ಹರಾಜಿನಲ್ಲಿ ಸ್ಟೋ ಮನೆಯನ್ನು ಹ್ಯಾರಿ ಶಾ ಎಂಬಾತ 50,000 ಪೌಂಡಿಗೆ ಕೊಂಡ. ದೇಶಕ್ಕೆ ಕೊಡಬೇಕೆಂಬ ಆಸೆ ಅವನಿಗಿತ್ತು. ಆದರೆ ಮನೆ ನೋಡಿಕೊಳ್ಳಲು ಬೇಕಾದ ಮೂಲಧನ ಕೊಡುವಷ್ಟು ದುಡ್ಡು ಇರಲಿಲ್ಲ. ಆ ವರ್ಷಗಳಲ್ಲಿ ತೋಟದ ಮೂರ್ತಿಗಳು, ಹೂಕುಂಡಗಳು ಮಾರಾಟವಾದವು. ದಕ್ಷಿಣದ ಮೆಟ್ಟಿಲ ಪಕ್ಕ ಕೂತಿದ್ದ ಎರಡು ದೊಡ್ಡ ಸೀಸದ ಸಿಂಹಗಳು ಬ್ಲ್ಯಾಕ್‌ಪೂಲ್ ಎಂಬ ಕಡಲ ಊರಿನ ಪಾರ್ಕಿಗೆ ಹೋದವು. ಮುಖ್ಯ ರಸ್ತೆಯಿಂದ ಕಮಾನಿನವರೆಗೆ ಸಾಗುವ ಸಾಲುಮರದ ದಾರಿ ಸೈಟು ಸೈಟಾಗಿ ಹಂಚಿಹೋಗುವುದರಲ್ಲಿತ್ತು. ಶಾಲೆಯ ವಾಸ್ತುಶಿಲ್ಪಿಯಾಗಿ ಬಂದ ಕ್ಲಫ್ ವಿಲಿಯಮ್ಸ್-ಎಲಿಸ್ ಅದನ್ನು ತನ್ನ ಕೈಯಿಂದ ದುಡ್ಡು ಹಾಕಿ ಕೊಂಡ. ಹೊಸ ಕಟ್ಟಡ ಕಟ್ಟಿ ಹೆಸರು ಮಾಡುವವರು ಬಹಳ. ಕೆಡಬಾರದ ಒಂದು ದಾರಿಗಾಗಿ ಜೇಬು ಖಾಲಿ ಮಾಡುವ ವಾಸ್ತುಶಿಲ್ಪಿ ಅಪರೂಪ.

ಶಾಲೆಯ ಹಿಂದೆ ಇದ್ದವನು ಪರ್ಸಿ ವಾರಿಂಗ್ಟನ್ ಎಂಬ ಹಳ್ಳಿ ಚರ್ಚಿನ ಪಾದ್ರಿ. ತನ್ನ ಟ್ರಸ್ಟಿನ ಮೂಲಕ ಒಂದರ ಹಿಂದೆ ಒಂದು ಶಾಲೆ ಹುಟ್ಟುಹಾಕಿದ, ಒಂದನ್ನು ತೋರಿಸಿ ಇನ್ನೊಂದಕ್ಕೆ ಸಾಲ ಎತ್ತಿದ. 1930ರ ದಶಕದ ಆರಂಭದಲ್ಲಿ ಆ ಸಾಲದ ಗೋಪುರ ಕುಸಿಯುವ ಹಂತಕ್ಕೆ ಬಂತು. ಸಾಲ ಕೊಟ್ಟಿದ್ದ ವಿಮಾ ಕಂಪನಿ ಮಧ್ಯೆ ಬಂದು ಆಡಳಿತ ಬದಲಾದ ಮೇಲೆ ಶಾಲೆಗಳು ಉಳಿದವು. ಡ್ಯೂಕ್‌ಗಳನ್ನು ಮುಳುಗಿಸಿದ ರೋಗವೇ ಶಾಲೆಯನ್ನೂ ಕಾಡಿತ್ತು.

ಶಾಲೆಗೆ ಜೀವ ಕೊಟ್ಟವರು ಮೊದಲ ಹೆಡ್‌ಮಾಸ್ಟರ್ ಜೆ. ಎಫ್. ರಾಕ್ಸ್‌ಬರೋ. ಬಂದಾಗ ಅವರಿಗೆ 35 ವರ್ಷ. ಕೇಂಬ್ರಿಜ್, ಪ್ಯಾರಿಸ್‌ಗಳಲ್ಲಿ ಓದಿದವರು, ಎತ್ತರದ ಆಳು, ಉಡುಪಿನಲ್ಲಿ ಬಹಳ ಅಚ್ಚುಕಟ್ಟು. ಆ ಕಾಲದ ಬೋರ್ಡಿಂಗ್ ಶಾಲೆಗಳ ವಾತಾವರಣ ನೆನಪಿಸಿಕೊಂಡರೆ ಅವರು ಮಾಡಿದ್ದು ಏನೆಂದು ತಿಳಿಯುತ್ತದೆ. ಅಲ್ಲಿ ಹುಡುಗನನ್ನು ಮನೆತನದ ಹೆಸರಿನಿಂದ ಕೂಗುವುದೇ ರೂಢಿ. ಹಿರಿಯ ಹುಡುಗರ ಬೂಟು ಒರೆಸಿ, ಟೋಸ್ಟ್ ಮಾಡಿ ಕೊಡುವುದು ಕಿರಿಯರ ಪಾಲಿಗೆ ಬಂದ ಚಾಕರಿ. ಬೆತ್ತದ ಏಟು ದಿನದ ಮಾತು. ರಾಕ್ಸ್‌ಬರೋ ಪ್ರತಿ ಹುಡುಗನನ್ನೂ ಅವನ ಸ್ವಂತ ಹೆಸರಿನಿಂದ ಕರೆದರು, ಎಲ್ಲರ ಹೆಸರೂ ಬಾಯಿಪಾಠ. ಶಾಲೆ ಬೇಗ ಬೆಳೆಯಿತು, ಕೆಲವೇ ವರ್ಷಗಳಲ್ಲಿ ಐನೂರರ ಹತ್ತಿರ ಬಂತು. ಆಗಲೂ ಆ ರೂಢಿ ಬಿಡಲಿಲ್ಲ. ಈ ಶಾಲೆಯಿಂದ ಹೊರಗೆ ಹೋಗುವ ಪ್ರತಿಯೊಬ್ಬನೂ ಬದುಕಿಡೀ ಚೆಲುವನ್ನು ಕಂಡಾಗ ಗುರುತಿಸಬಲ್ಲವನಾಗಬೇಕು ಎಂಬುದು ಅವರ ಆಸೆಯಾಗಿತ್ತು. ಬೇರೆ ಯಾವುದೋ ಕಟ್ಟಡದಲ್ಲಿ ಹೇಳಿದ್ದರೆ ಅದು ಬರೀ ಮಾತಾಗುತ್ತಿತ್ತು. ಇಲ್ಲಿ ಹುಡುಗ ತರಗತಿಗೆ ಹೋಗುವ ದಾರಿಯಲ್ಲೇ ಅದಕ್ಕೆ ಸಾಕ್ಷಿ ಇತ್ತು.

ಆ ದಾರಿಯ ಒಂದು ಜಾಗವನ್ನು ಹತ್ತಿರದಿಂದ ನೋಡಿ. ಮನೆಯ ನಡುವಿನ ಅಮೃತಶಿಲೆ ಹಜಾರ ಮೊಟ್ಟೆಯಾಕಾರದ್ದು. 1770, 80ರ ದಶಕಗಳಲ್ಲಿ ಕಟ್ಟಿದ್ದು. ನೆಲಕ್ಕೆ ಇಟಲಿಯ ಕರಾರಾದ ಬಿಳಿ ಕಲ್ಲು, ನಾಲ್ಕು ಅಡಿ ಚೌಕದ 72 ಚಪ್ಪಡಿಗಳು. ಸುತ್ತ ಹದಿನಾರು ಕಂಬ. ಅವು ಅಮೃತಶಿಲೆಯಂತೆ ಕಂಡರೂ ಗಾರೆಗೆ ಬಣ್ಣ ಬೆರೆಸಿ ಹೊಳಪು ಕೊಟ್ಟವು. ಮೇಲೆ ಸುತ್ತಲೂ ರೋಮನ್ ಮೆರವಣಿಗೆಯ ಉಬ್ಬುಶಿಲ್ಪ, ಅದರಲ್ಲಿ 280ಕ್ಕೂ ಹೆಚ್ಚು ಮನುಷ್ಯರು. ಬೆಳಕು ಗುಮ್ಮಟದ ನೆತ್ತಿಯಿಂದ ಇಳಿಯುತ್ತದೆ. ಗೋಡೆಯ ಗೂಡುಗಳಲ್ಲಿದ್ದ ಮೂರ್ತಿಗಳು 1848ರಲ್ಲೇ ಹೋಗಿದ್ದವು. ರಾಣಿ ಕಾಲಿಟ್ಟ ನೆಲದ ಮೇಲೆ ಈಗ ಬೂಟಿನ ಹುಡುಗರು ಓಡಾಡತೊಡಗಿದರು. ಭೋಜನಶಾಲೆಯಲ್ಲಿ ಊಟ, ಡ್ಯೂಕ್‌ನ ಗ್ರಂಥಾಲಯದಲ್ಲಿ ಓದು. ಮನೆತನದ 719 ಲಾಂಛನಗಳನ್ನು ಮೆರೆಸಲು ಮಾಡಿದ, ಮಧ್ಯಯುಗದ ಚರ್ಚುಗಳ ಶೈಲಿಯ ಗಾಥಿಕ್ ಗ್ರಂಥಾಲಯ ಹೆಡ್‌ಮಾಸ್ಟರ್ ಕೋಣೆಯಾಯಿತು. ತೋಟದ ಗಾಥಿಕ್ ಗುಡಿಯಲ್ಲಿ ಕೆಡೆಟ್ ಪಡೆಯ ಬಂದೂಕುಗಳನ್ನು ಇಟ್ಟರು. ಹುಡುಗರು ವಾಸಿಸುವ ಗುಂಪುಗಳಿಗೆ, ಅಂದರೆ ಹೌಸ್‌ಗಳಿಗೆ, ಟೆಂಪಲ್, ಗ್ರೆನ್ವಿಲ್, ಶಾಂಡೋಸ್, ಕಾಬಮ್ ಎಂದೇ ಹೆಸರು. ಮುಂದೆ ವಾಲ್ಪೋಲ್ ಹೆಸರಿನದ್ದೂ ಬಂತು! ಕಾಬಮ್ ಯಾರ ತಲೆ ತೆಗೆದು ನಿಲ್ಲಿಸಿದನೋ ಅವನೇ.

ಬಳಕೆಯ ಬೆಲೆ ಎಂದೆನಲ್ಲ, ಅದಕ್ಕೆ ದೊಡ್ಡ ಉದಾಹರಣೆ ಪ್ರಾರ್ಥನಾ ಮಂದಿರ. 1927ರಲ್ಲಿ ಮೇರಿ ರಾಣಿ ಅಡಿಗಲ್ಲು ಇಟ್ಟರು, 1929ರಲ್ಲಿ ಅದು ಬಳಕೆಗೆ ಬಂತು. ಒಳಗಿನ ಕಂಬಗಳಿಗೆ ಕಲ್ಲು ಎಲ್ಲಿಂದ? ತೋಟದ ಅತಿ ದೊಡ್ಡ ಗುಡಿಗಳಲ್ಲೊಂದಾದ ವಿಜಯದ ಗುಡಿಯಿಂದ ಹದಿನಾರು ಕಂಬಗಳನ್ನು ಕಿತ್ತು ತಂದರು. ಆ ಗುಡಿ 18ನೇ ಶತಮಾನದ ಏಳು ವರ್ಷದ ಯುದ್ಧದ ಗೆಲುವುಗಳ ನೆನಪಿಗೆ ಅರ್ಪಿಸಿದ್ದು. ಒಳಗಿನ ಪದಕಶಿಲ್ಪಗಳಲ್ಲಿ ಕೆನಡಾದ ಕ್ವೆಬೆಕ್ ಜೊತೆ ನಮ್ಮ ಪುದುಚೇರಿಯೂ ಇದೆ. ಕಂಬ ಕಿತ್ತ ಕಡೆ ಇಟ್ಟಿಗೆ ಗೋಡೆ ಕಟ್ಟಿ ಮುಚ್ಚಿದರು. ಇದನ್ನು ಒಪ್ಪುವುದು ನನಗೆ ಕಷ್ಟ. ಅದೇ ಹೊತ್ತಿಗೆ ಗುಡಿ ಕುಸಿಯುತ್ತಿತ್ತು, ರಿಪೇರಿಗೆ ಶಾಲೆಯ ಬಳಿ ದುಡ್ಡಿರಲಿಲ್ಲ ಎಂಬುದೂ ಗೊತ್ತು. ಕಾಪಾಡುವವನೇ ಬಡವನಾಗಿದ್ದಾಗ ಹೀಗೆಲ್ಲ ಆಗುತ್ತದೆ.

ಎರಡನೇ ಮಹಾಯುದ್ಧ ಬಂತು. ಶಾಲೆ ಆಗಿನ್ನೂ ಎಳೆಯದು. ಹಳೆಯ ವಿದ್ಯಾರ್ಥಿಗಳೆಲ್ಲ ಯುದ್ಧಕ್ಕೆ ಹೋಗುವ ವಯಸ್ಸಿನವರೇ. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಒಬ್ಬೊಬ್ಬರನ್ನೂ ರಾಕ್ಸ್‌ಬರೋ ಹೆಸರು ಹಿಡಿದು ಬಲ್ಲವರು. ಬದುಕಿ ಬಂದ ಹಳೆಯ ವಿದ್ಯಾರ್ಥಿಗಳಲ್ಲಿ ಬಾಂಬರ್ ಪೈಲಟ್ ಲೆನಾರ್ಡ್ ಚೆಷೈರ್ ಶೌರ್ಯಕ್ಕೆ ಕೊಡುವ ಅತಿ ದೊಡ್ಡ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದರು, ಯುದ್ಧದ ನಂತರ ಅಂಗವಿಕಲರಿಗಾಗಿ ಆಶ್ರಯ ಮನೆಗಳನ್ನು ಕಟ್ಟಿದರು. ಅವರ ಹೆಸರಿನ ಚೆಷೈರ್ ಹೋಮ್ ನಮ್ಮ ಬೆಂಗಳೂರಿನಲ್ಲೂ ಇದೆ. ರಾಕ್ಸ್‌ಬರೋ 1949ರಲ್ಲಿ ನಿವೃತ್ತರಾದರು.

ಆಮೇಲಿನ ವರ್ಷಗಳಿಂದ ಒಂದು ಸಂಜೆ ಸಾಕು. 1963ರ ಏಪ್ರಿಲ್ 4ರಂದು ಬೀಟಲ್ಸ್ ತಂಡ ಈ ಶಾಲೆಯ ಸಭಾಂಗಣದಲ್ಲಿ ಹಾಡಿತು. ಲಿವರ್‌ಪೂಲ್ ಕಡೆಯ ಹುಡುಗನೊಬ್ಬ ಅವರ ಮ್ಯಾನೇಜರ್‌ಗೆ ಪತ್ರ ಬರೆದು ಕರೆಸಿದ್ದ, ಸಂಭಾವನೆ 100 ಪೌಂಡ್. ಹದಿನೈದು ವರ್ಷದ ವಿದ್ಯಾರ್ಥಿಯೊಬ್ಬ ಇಡೀ ಕಾರ್ಯಕ್ರಮವನ್ನು ಟೇಪ್ ಮಾಡಿಕೊಂಡ. ಅರವತ್ತು ವರ್ಷದ ಬಳಿಕ, 2023ರಲ್ಲಿ, ಆ ಟೇಪ್ ಹೊರಬಂತು. ಬ್ರಿಟನ್ನಿನಲ್ಲಿ ಅವರು ಕೊಟ್ಟ ಕಾರ್ಯಕ್ರಮಗಳ ಪೂರ್ಣ ಧ್ವನಿಮುದ್ರಣಗಳಲ್ಲಿ ಈವರೆಗೆ ಸಿಕ್ಕ ಅತಿ ಹಳೆಯದು ಅದು. ಅದರಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ. ಬೇರೆಡೆ ಅಭಿಮಾನಿ ಹುಡುಗಿಯರ ಕಿರುಚಾಟದಲ್ಲಿ ಸಂಗೀತವೇ ಮುಚ್ಚಿಹೋಗುತ್ತಿತ್ತು. ಇಲ್ಲಿ ಕೂತವರು ಹೆಚ್ಚುಕಡಿಮೆ ಬರೀ ಹುಡುಗರು. ಹನ್ನೊಂದು ವರ್ಷದ ನಂತರ, 1974ರಲ್ಲಿ, ಕೊನೆಯ ಎರಡು ವರ್ಷದ ತರಗತಿಗಳಿಗೆ ಹುಡುಗಿಯರು ಬಂದರು. 2005ರಿಂದ ಎಲ್ಲ ತರಗತಿಗಳಲ್ಲೂ ಇದ್ದಾರೆ.

ಈಗ ಯಾರ ಕೈಯಲ್ಲಿದೆ

ಮಕ್ಕಳ ಫೀಸಿನಿಂದ ಮಾಸ್ತರರ ಸಂಬಳ ಕೊಡಬಹುದು, ಸೋರುವ ಕಡೆ ತೇಪೆ ಹಾಕಬಹುದು. ಒಂದು ಇಡೀ ಅರಮನೆ ಮತ್ತು ಹತ್ತಾರು ಗುಡಿಗಳ ಚಾವಣಿ ಬದಲಿಸಲು ಆಗುವುದಿಲ್ಲ. 1980ರ ದಶಕದ ಹೊತ್ತಿಗೆ ಶಾಲೆ ಅದನ್ನು ಒಪ್ಪಿಕೊಂಡಿತು. ಗಾಥಿಕ್ ಗುಡಿಯನ್ನು 1970ರಲ್ಲೇ ಹಳೆಯ ಕಟ್ಟಡಗಳನ್ನು ಉಳಿಸುವ ಲ್ಯಾಂಡ್‌ಮಾರ್ಕ್ ಟ್ರಸ್ಟ್‌ಗೆ ಕೊಟ್ಟಾಗಿತ್ತು. ಅವರು ರಿಪೇರಿ ಮಾಡಿ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ಹೆಸರು ಹೇಳಲಿಚ್ಛಿಸದ ದಾನಿಯೊಬ್ಬರ ನೆರವಿನಿಂದ 1989ರಲ್ಲಿ ತೋಟ ನ್ಯಾಷನಲ್ ಟ್ರಸ್ಟ್‌ಗೆ, ಅಂದರೆ ಹಳೆಯ ಮನೆ, ತೋಟಗಳನ್ನು ಕಾಪಾಡುವ ದತ್ತಿ ಸಂಸ್ಥೆಗೆ, ಹೋಯಿತು. ಟ್ರಸ್ಟ್ ಕೈಹಾಕಿದ ಕೆಲಸಗಳಲ್ಲಿ ವಿಜಯದ ಗುಡಿಗೆ ಹೊಸ ಕಲ್ಲಿನ ಕಂಬ ನಿಲ್ಲಿಸುವುದೂ ಒಂದು. ಹಳೆಯ ಹದಿನಾರು ಈಗಲೂ ಪ್ರಾರ್ಥನಾ ಮಂದಿರದಲ್ಲೇ ಇವೆ. ಮನೆಗಾಗಿ 1997ರಲ್ಲಿ ಬೇರೆಯೇ ಟ್ರಸ್ಟ್ ಆಯಿತು. ಅದು ಹಣ ಕೂಡಿಸಿ ಹಂತ ಹಂತವಾಗಿ ದುರಸ್ತಿ ನಡೆಸಿತು. ಹಜಾರದ ಗೂಡುಗಳಲ್ಲಿ ಹಳೆಯ ಮೂರ್ತಿಗಳ ಪಡಿಯಚ್ಚುಗಳು ಬಂದು ನಿಂತವು. ಬ್ಲ್ಯಾಕ್‌ಪೂಲ್‌ನವರು ಸಿಂಹಗಳ ಅಚ್ಚು ತೆಗೆಯಲು ಒಪ್ಪಿದ್ದರಿಂದ 2013ರಲ್ಲಿ ಅವುಗಳ ನಕಲುಗಳು ದಕ್ಷಿಣದ ಮೆಟ್ಟಿಲಿಗೆ ಬಂದವು.

ಹಾಗಾಗಿ ಇವತ್ತು ಅಲ್ಲಿಗೆ ಹೋದರೆ ಒಂದೇ ಆವರಣದಲ್ಲಿ ಮೂರು ಲೆಕ್ಕ. ತೋಟದ ಟಿಕೆಟ್ ದುಡ್ಡು ನ್ಯಾಷನಲ್ ಟ್ರಸ್ಟ್‌ಗೆ, ಮನೆ ನೋಡುವ ಟಿಕೆಟ್ಟಿನದು ಮನೆಯ ಟ್ರಸ್ಟ್‌ಗೆ, ಮಕ್ಕಳ ಫೀಸು ಶಾಲೆಗೆ. ಮನೆಯೊಳಗೆ ಬಿಡುವ ದಿನಗಳು ಶಾಲೆಯ ವೇಳಾಪಟ್ಟಿಯ ಮೇಲೆ ನಿಂತಿವೆ. ಮಕ್ಕಳ ಊಟ, ಪರೀಕ್ಷೆ, ಸಭೆ ಏನಿದ್ದರೂ ಮೊದಲು ಅವರಿಗೆ, ಆಮೇಲೆ ನೋಡಲು ಬಂದವರಿಗೆ. ಹೋಗುವವರು ಮೊದಲೇ ದಿನ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.